ಪಾಚಿ ಡಾಕ್ಟರು
ಮನೆಮನೆಗೆ ಹೋಗಿ ಉಪ್ಪುನೀರಿನ ಮೀನುತೊಟ್ಟಿ ತೊಳೆಯುವ ಅವನನ್ನು ಎಲ್ಲರೂ ಪಾಚಿ ಡಾಕ್ಟರು ಅಂತಲೇ ಕರೆಯುತ್ತಾರೆ. ಚಪ್ಪಲಿ ಬಿಡುವ ಮೊದಲೇ ಮೂಗರಳಿಸಿ ನೀರಿನ ವಾಸನೆ ಹಿಡಿಯುತ್ತಾನೆ. ತೊಟ್ಟಿಯೊಳಗಿನ ಹವಳಕ್ಕೆ ಅಂಟಿದ, ಹಸಿರು ಕೂದಲಿನಂಥ ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೀಳುತ್ತಾ ಮನೆಯವರಿಗೆ ಬೈಯುತ್ತಾನೆ: "ಮೀನೇನು ನಿಮ್ಮ ಅಳಿಯನಾ, ಇಷ್ಟೊಂದು ಬಡಿಸೋಕೆ? ಮಿಕ್ಕಿದ್ದೆಲ್ಲ ಪಾಚಿ ತಿಂದು ಕೊಬ್ಬುತ್ತೆ!" ಜಡ್ಜಿಗೂ ಹೀಗೇ ಬೈದವನು. ಗಂಡ ತೀರಿಕೊಂಡ ಒಬ್ಬಾಕೆಯ ಮನೆಯಲ್ಲಿ ಮಾತ್ರ ಎಷ್ಟು ಕಿತ್ತರೂ ಪಾಚಿ ಮತ್ತೆ ಬಂತು. ಗಂಡ ಸಾಕಿದ್ದ ಹವಳ ಸಾಯುವ ಹಾಗಾಯಿತು. "ಮೀನಿಗೆ ದಿನಕ್ಕೆ ಎಷ್ಟು ಸಲ ತಿನ್ನೋಕೆ ಹಾಕ್ತೀರಕ್ಕಾ?" ಎಂದು ಕೇಳಿದ. "ಬೆಳಗ್ಗೆ ನನ್ನ ಪಾಲಿಂದು. ಸಂಜೆ ಅವರು ಹಾಕ್ತಿದ್ರು, ಈಗ ಅವರ ಪಾಲಿಂದೂ ನಾನೇ ಹಾಕ್ತೀನಿ. ಅದನ್ನ ಹೇಗಪ್ಪಾ ನಿಲ್ಲಿಸ್ಲಿ?" ಅವನು ಬೈಯಲಿಲ್ಲ. ಬ್ರಷ್ಷನ್ನು ಬಹಳ ಹೊತ್ತು ತೊಳೆದ. "ಅವರದು ಹಾಕಿ ಅಕ್ಕಾ," ಎಂದ. "ನಿಮ್ಮದು ನಿಲ್ಲಿಸಿ."