ಅಕ್ಕಯಮ್ಮನ ಸಾಸಿವೆ ದಿಂಬು

ಜರಗನಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಮೊದಲ ಎಣ್ಣೆನೀರು ಅಕ್ಕಯಮ್ಮನ ಕೈಯಿಂದಲೇ ಬೀಳಬೇಕೆಂಬುದು ಊರಿನ ವಾಡಿಕೆಯಾಗಿತ್ತು. ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬನಶಂಕರಮ್ಮನ ನಾಮವನ್ನು ಸ್ಮರಿಸುತ್ತ ಆಕೆ ನೀರೆರೆದರೆ ಎಂತಹ ಹಟಮಾರಿಯೂ ಸುಮ್ಮನಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ, ಅರವತ್ತೆರಡನೆಯ ಇಸವಿಯಲ್ಲಿ, ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿದಳು. ಆಪರೇಷನ್ ಕೋಣೆಯನ್ನು ದೇವರಮನೆಯಂತೆ ಶುಚಿಯಾಗಿಡುವುದು, ಮಕ್ಕಳನ್ನು ತಾಯಂದಿರ ತೋಳಿನಿಂದ ಉಪಾಯವಾಗಿ ಬಿಡಿಸಿ ತಂದು ಮೇಜಿನ ಮೇಲೆ ಮಲಗಿಸುವುದು ಆಕೆಯ ಪಾಲಿನ ಕೆಲಸ.

ಎರಡು ವರ್ಷ ಕಳೆದ ಬಳಿಕ ಹೊಸಕೆರೆಹಳ್ಳಿಯ ಬೋರಣ್ಣನ ಐದು ತಿಂಗಳ ಹೆಣ್ಣುಕೂಸು ಸೀಳುತುಟಿಯ ಚಿಕಿತ್ಸೆಗೆಂದು ಬಂದಿತು. ಹೊಲಿಗೆ ಬೀಳುವುದು ತುಟಿಗೇ ಆದ್ದರಿಂದ ಮತ್ತಿನ ಔಷಧದ ಮುಸುಕನ್ನು ಮುಖದ ಮೇಲೆ ಇರಿಸಿಕೊಂಡಿರುವಂತಿಲ್ಲ. ರಬ್ಬರಿನ ಸಣ್ಣ ನಳಿಕೆಯೊಂದನ್ನು ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಬೇಕು. ಅರಿವಳಿಕೆ ಕೊಡುವ ಡಾಕ್ಟರ್ ಶಾಂತಾದೇವಿಯವರ ಹೊಣೆ ಅದು.

ಬಾಗಿಲಲ್ಲಿ ಬೋರಣ್ಣನ ತಾಯಿ ಸಾಸಿವೆ ತುಂಬಿದ ಪುಟ್ಟ ದಿಂಬೊಂದನ್ನು ಅಕ್ಕಯಮ್ಮನ ಕೈಗಿತ್ತಳು. ಎಳೆಯ ತಲೆ ದುಂಡಗಾಗಲೆಂದು ನಮ್ಮ ಹಳ್ಳಿಗಳಲ್ಲಿ ಇಡುವ ದಿಂಬು ಅದು. “ಇದಿಲ್ದೆ ಮಲಗಾಕಿಲ್ಲ ಕಣವ್ವಾ.” ಮನೆಯ ಯಾವ ವಸ್ತುವೂ ಒಳಗೆ ಬರಬಾರದೆಂಬ ನಿಯಮ ಅಕ್ಕಯಮ್ಮನಿಗೆ ತಿಳಿಯದ್ದಲ್ಲ. ಆದರೂ ಗಟ್ಟಿ ಮೇಜನ್ನು ಕಂಡು ಕರುಳು ಚುರುಕ್ಕೆಂದಿತು. ದಿಂಬನ್ನು ಹಾಸಿನ ಅಡಿಯಲ್ಲಿ, ಕೂಸಿನ ತಲೆಯ ಕೆಳಗೆ, ಯಾರಿಗೂ ಕಾಣದಂತೆ ಸೇರಿಸಿಬಿಟ್ಟಳು.

ಈಥರಿನ ಮತ್ತಿಗೆ ಕೂಸು ಮೈಮರೆಯಿತು. ಶಾಂತಾದೇವಿಯವರು ದೀಪವಿದ್ದ ಉಪಕರಣದಿಂದ ನಾಲಗೆಯನ್ನೆತ್ತಿ ನೋಡಿದರು. ಶ್ವಾಸನಾಳದ ದ್ವಾರ ಕಾಣಲಿಲ್ಲ. ಅಂದಾಜಿನಿಂದ ಇಳಿಸಿದ ನಳಿಕೆ ಅನ್ನನಾಳಕ್ಕೆ ಹೋಯಿತು, ಎದೆ ಏಳಲಿಲ್ಲ. ತಟ್ಟನೆ ಹೊರತೆಗೆದು, ಮುಸುಕಿಟ್ಟು ಉಸಿರು ತುಂಬಿದರು. ನೀಲಿಗಟ್ಟಿದ್ದ ಉಗುರುಗಳು ಮೆಲ್ಲನೆ ಕೆಂಪಾದವು. ಎರಡನೆಯ ಸಲವೂ ಅದೇ ಗತಿ.

“ಏನ್ರೀ, ಇವತ್ತಿಗೆ ಬಿಟ್ಬಿಡೋಣ್ವಾ?” ಎಂದರು ಸರ್ಜನ್ ಅನಂತರಾಮು.

“ಇನ್ನೊಂದ್ ಸಲ ನೋಡ್ತೀನಿ ಸಾರ್. ಆಗ್ಲಿಲ್ಲ ಅಂದ್ರೆ ಎಬ್ಬಿಸಿ ಕಳಿಸೋಣ.”

ಕಾಲ ಬಳಿ ನಿಂತಿದ್ದ ಅಕ್ಕಯಮ್ಮನ ದೃಷ್ಟಿ ಕೂಸಿನ ಗದ್ದದ ಮೇಲೆ ಬಿದ್ದಿತು. ಅದು ಎದೆಗೆ ಒತ್ತಿಕೊಂಡಿದೆ! ನೀರೆರೆಯುವಾಗ ತಾನು ಒಮ್ಮೆಯೂ ಹಾಗೆ ಬಿಟ್ಟವಳಲ್ಲ. ತಾನು ಬಾಯಿ ಬಿಟ್ಟು ಹೇಳಿದರೆ ಅನ್ನ ಕೊಡುವ ಈ ಕೆಲಸ ಹೋದೀತು. ಹೇಳದಿದ್ದರೆ ಭಗವಂತನಿತ್ತ ಈ ಕೂಸಿನ ಉಸಿರೇ ಹೋದೀತು.

“ತಪ್ಪಾಯ್ತು ಡಾಕ್ಟರಮ್ಮಾ. ತಲೆ ಕೆಳ್ಗೆ ದಿಂಬೈತೆ. ನಾನೇ ಮಡಗ್ದೆ.”

“ಇದನ್ನೇನ್ ಬಾಣಂತಿ ಕೋಣೆ ಅಂದ್ಕೊಂಡ್ಯಾ?” ಅನಂತರಾಮು ಗುಡುಗಿದರು.

“ಬೈಯೋದು ಆಮೇಲೆ ಸಾರ್. ತೆಗೀರಿ ಅಕ್ಕಯಮ್ಮ. ಆ ಟವೆಲ್ ಮಡಿಸಿ ಹೆಗಲ ಕೆಳಗಿಡಿ. ಕೂಸಿಗೆ ಹಿಂದಲೆ ದೊಡ್ಡದು. ದಿಂಬಿಟ್ರೆ ಕತ್ತು ಮಡಚ್ಕೊಳ್ಳುತ್ತೆ. ನಾನೂ ಮೊದ್ಲೇ ಕೈಯಾಡಿಸಿ ನೋಡ್ಬೇಕಿತ್ತು.”

“ನೀರೆರೆಯಾಗ ಹಿಡೀತೀವಲ್ಲ, ಹಂಗಾ?”

“ಹಾಗೇ. ತೀರಾ ಹಿಂದಕ್ಕೂ ಬೇಡ. ಅಲ್ಲಾಡಿಸ್ಬೇಡಿ.”

ಸಾವಿರ ಕೂಸುಗಳನ್ನು ಹಿಡಿದ ಕೈಗಳು ಆ ಪುಟ್ಟ ತಲೆಯನ್ನು ಹೂವಿನಂತೆ ಹಿಡಿದವು. ಈ ಸಲ ದ್ವಾರ ಸ್ಪಷ್ಟವಾಗಿ ಕಂಡಿತು. ನಳಿಕೆ ಇಳಿಯಿತು, ಎದೆಯ ಎರಡು ಪಕ್ಕಗಳೂ ಸಮನಾಗಿ ಎದ್ದವು. ಸ್ಟೆತಸ್ಕೋಪಿನಿಂದ ಎರಡೂ ಕಡೆ ಆಲಿಸಿದ ಶಾಂತಾದೇವಿಯವರು, “ಶುರು ಮಾಡಿ ಸಾರ್” ಎಂದರು.

ಮಧ್ಯಾಹ್ನದ ಹೊತ್ತಿಗೆ ಕೂಸು ಹೊಸ ತುಟಿಯಿಂದ ಗಟ್ಟಿಯಾಗಿ ಅತ್ತಿತು. ಅಕ್ಕಯಮ್ಮ ಕೈಮುಗಿದು ಅನಂತರಾಮು ಅವರ ಎದುರು ನಿಂತಳು. “ನಾಳಿಂದ ಬರಬ್ಯಾಡ ಅಂತೀರಾ ಸಾಮೀ?”

“ನಾಳೆ ಎಂಟಕ್ಕೆ ಒಂದು ಮಗೂದು ಟಾನ್ಸಿಲ್ ಇದೆ. ಏಳೂವರೆಗೆ ಬಾ. ಬರಿಗೈಲಿ ಬಾ, ಮಹಾತಾಯಿ!”

ಆಕೆ ಏಳಕ್ಕೇ ಬಂದಳು. ಮುಂದಿನ ವರ್ಷಗಳಲ್ಲಿ, ಹೊಸದಾಗಿ ಸೇರಿದ ನರ್ಸುಗಳಿಗೆ ಕೂಸಿನ ಕತ್ತು ಹಿಡಿಯುವ ಬಗೆಯನ್ನು ತೋರಿಸಿಕೊಡುವಾಗಲೆಲ್ಲ, ತಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತಿದ್ದಳು.