ಲಿಫ್ಟ್ ಮಾವನ ಎರಡು ತಾರೀಕು

ಆ ಆರಂತಸ್ತಿನ ಕಚೇರಿಯಲ್ಲಿ ಲಿಫ್ಟ್ ನಡೆಸುತ್ತಿದ್ದವನನ್ನು ಎಲ್ಲರೂ ಲಿಫ್ಟ್ ಮಾವ ಎಂದೇ ಕರೆಯುತ್ತಿದ್ದರು. ನಲವತ್ತನಾಲ್ಕು ವರ್ಷ ಆ ಡಬ್ಬಿಯೊಳಗೆ ಸ್ಟೂಲಿನ ಮೇಲೆ ಕೂತು ಮೇಲೆ ಕೆಳಗೆ ಓಡಾಡಿದ್ದೇ ಬಂತು, ಒಂದು ಮಾರು ಆಚೀಚೆ ಹೋದದ್ದಿಲ್ಲ. ಮುಂದಿನ ತಿಂಗಳು ಅರವತ್ತು ತುಂಬುತ್ತದೆ. ನಿವೃತ್ತಿಯ ಅರ್ಜಿಯನ್ನು ಈಗ ಕಂಪ್ಯೂಟರಿನಲ್ಲೇ ತುಂಬಬೇಕು.

ಲಿಫ್ಟಿನ ಎದುರಿಗಿದ್ದ ಕಂಪ್ಯೂಟರ್ ಕೋಣೆಯಲ್ಲಿ ಕೂರುವವಳು ಅವನ ತಂಗಿಯ ಮಗಳೇ. ಅವಳು ಹುಟ್ಟಿದ ತಾರೀಕು ಹಾಕಿದಳು, ಕೆಲಸಕ್ಕೆ ಸೇರಿದ ತಾರೀಕು ಹಾಕಿದಳು. ತಕ್ಷಣ ಕೆಳಗೆ ಕೆಂಪಕ್ಷರ ಬಂತು: 'ಸೇರುವಾಗ ಹದಿನೆಂಟು ತುಂಬಿರಬೇಕು.'

"ಮಾವ, ನೀನು ಸೇರಿದಾಗ ಬರೀ ಹದಿನಾರಾ?"

"ಅಪ್ಪ ಹಾಸಿಗೆ ಹಿಡಿದಿದ್ದ. ಆಗಿನ ಸಾಹೇಬರು ಕಂಡೂ ಕಾಣದ ಹಾಗೆ ಇದ್ದುಬಿಟ್ಟರು. ಎರಡು ವರ್ಷ ಮುಂಚೆ ಹುಟ್ಟಿದೆ ಅಂತ ಹಾಕು, ಹೋಗಲಿ."

ಹಾಕಿದಳು. 'ನಿವೃತ್ತಿಯ ದಿನ ಕಳೆದುಹೋಗಿದೆ' ಎಂದಿತು. ಎರಡು ವರ್ಷ ತಡವಾಗಿ ಸೇರಿದ ಎಂದು ಹಾಕಿದರೆ, 'ಸೇವಾ ಪುಸ್ತಕಕ್ಕೆ ತಾಳೆಯಾಗುತ್ತಿಲ್ಲ' ಎಂದಿತು. ಅತ್ತ ದರಿ, ಇತ್ತ ಪುಲಿ.

"ಈ ಸುಡುಗಾಡು ನಿಯಮ ಬರೆದ ಪುಣ್ಯಾತ್ಮ ಯಾರೇ?" ಮಾವ ಗುಡುಗಿದ.

ಅವಳು ತಲೆ ತಗ್ಗಿಸಿದಳು. "ನಾನೇ ಮಾವ. ಈ ಪ್ರೋಗ್ರಾಂ ಮಾಡೋವಾಗ, ಎಳೆ ಮಕ್ಕಳನ್ನ ಯಾರೂ ಕೆಲಸಕ್ಕೆ ಇಟ್ಕೋಬಾರದು ಅಂತ ಬರೆದೆ. ಅದನ್ನ ತಿದ್ದೋಕೆ ಮೇಲಿನವರ ಸಹಿ ಬೇಕು. ಅಲ್ಲಿವರೆಗೂ ನೀನು ಕೆಲಸಕ್ಕೆ ಬರ್ತಾನೇ ಇರಬೇಕು."

ಮಾವನ ಸಿಟ್ಟು ಜರ್ರನೆ ಇಳಿದುಹೋಯಿತು. ಆರನೇ ಅಂತಸ್ತಿನಿಂದ ಯಾರೋ ಗಂಟೆ ಒತ್ತುತ್ತಲೇ ಇದ್ದರು. ಅವನು ಹೋಗಿ ಸ್ಟೂಲಿನ ಮೇಲೆ ಕೂತು ಜಾಲರಿ ಬಾಗಿಲು ಎಳೆದುಕೊಂಡ.

"ಒಳ್ಳೆ ನಿಯಮಾನೇ ಕಣಮ್ಮ," ಎಂದ ಜಾಲರಿಯ ಒಳಗಿನಿಂದ. "ನಲವತ್ನಾಲ್ಕು ವರ್ಷದ ಹಿಂದೆ ಬರೀಬೇಕಿತ್ತು."