ಹಸುವಿನ ಬಯಲಿಗೆ ಕುರಿ ಬಿಟ್ಟವಳು

ಅಕ್ಕ, ಆವತ್ತು ಬಯಲಿನ ಗೇಟು ತೆಗೆದವಳು ನಾನು, ನಿನ್ನ ಓರಗಿತ್ತಿ. ನಿನ್ನ ಕುರಿಗಳನ್ನು ನನ್ನ ಹಸುಗಳ ನಡುವೆ ಅಟ್ಟಿದವಳೂ ನಾನೇ. ಬೈಸಿಕೊಂಡವಳು ಮಾತ್ರ ನೀನು—ಈ ಮನೆಯ ಹಿರಿಸೊಸೆ.

ಹೇರೋಹಳ್ಳಿಯ ಹಿಂದಿನ ನಮ್ಮ ಬಯಲು ಆಗ ಹೇಗಿತ್ತು ಹೇಳು. ಸುತ್ತ ಸೈಟುಗಳು, ನಡುವೆ ಹಸುಗಳು ತುಳಿದು ತುಳಿದು ಕಲ್ಲಾದ ನೆಲ. ಸಗಣಿಯ ಸುತ್ತ ಹುಲ್ಲು ಮೊಳಕಾಲುದ್ದ ಬೆಳೆದರೂ ಹಸು ಮೂಸಿ ಮುಂದೆ ಹೋಗುತ್ತಿತ್ತು. ಉಳಿದ ಕಡೆ ಬರೀ ಮಣ್ಣು. ಹಸು ಮಾರಿ, ಬಯಲನ್ನು ಗೋಡೌನಿಗೆ ಕೊಡುವುದೆಂದು ಮಾವ ಹೊರಟಿದ್ದರು. ನನ್ನ ಜೀವವೇ ಹೋದಂತಾಗಿತ್ತು. ಹಸು ಬಿಟ್ಟ ಆ ಹುಲ್ಲಿಗೇ ನಿನ್ನ ಕುರಿಗಳು ಬೇಲಿಯಾಚೆಯಿಂದ ಬಾಯಿ ಚಾಚುವುದನ್ನು ನೋಡಿದೆ. ಆದರೆ ಮಾವನಿಗೆ ಹೇಳುವ ಧೈರ್ಯ—ಎಲ್ಲಿತ್ತು? ರಾಗಿ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುತ್ತಿದ್ದ ಮನುಷ್ಯ, ಹಸುವಿನ ಬಯಲಿಗೆ ಬೇಡ ಅಂದರೆ ಬೇಡ! ಕುರಿ ಬಾಯಿ ಹಾಕಿದ ಕಡೆ ಹಸು ಮೇಯುವುದಿಲ್ಲವಂತೆ.

ಅವರು ಕೆಂಗೇರಿಗೆ ಹೋದದ್ದೇ ತಡ, ಬಿಟ್ಟೆ. ವಾಪಸು ಬಂದವರು ನೇರ ನಿನ್ನ ಮೇಲೆ ಎಗರಾಡಿದರು.

"ಕದ್ದು ಕುರಿ ಬಿಟ್ಯಾ? ಇವತ್ತಿಂದ ನಿನ್ ಒಲೆ ಬೇರೆ ಮಾಡ್ಕೋ!"

"ನಾನಲ್ಲ ಮಾವ" ಅಂದೆ ನೀನು. ಅವರು ನಂಬಲಿಲ್ಲ. ನಾನು ಹಾಲಿನ ಕ್ಯಾನು ಹಿಡಿದು ಅಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ.

ಆಮೇಲಿನದು ಎಂಥ ಗೆಲುವು ಅಕ್ಕ! ಮಳೆ ಬಿದ್ದಾಗ ಕುರಿ ಸವರಿದ ಕಡೆಯೆಲ್ಲ ಎಳೆಹುಲ್ಲು ಚಿಗುರಿತು, ಹಸುಗಳು ಮುಗಿಬಿದ್ದು ಮೇಯ್ದವು. "ಕುರಿನೂ ಬಿಡ್ರಮ್ಮ, ನೋಡೇ ಬಿಡಾಣ" ಅಂದವರು ಮಾವನೇ. ಬರಬರುತ್ತಾ ಸಗಣಿ, ಕುರಿ ಹಿಕ್ಕೆ ಬೆರೆತು ನೆಲ ಮೆತ್ತಗಾಯಿತು. ಈಗ ಮಳೆನೀರು ನಿಲ್ಲದೆ ಇಂಗುತ್ತದೆ. ಗುದ್ದಲಿ ಹಾಕಿದ ಕಡೆ ಎರೆಹುಳು. ಗೋಡೌನಿನ ಸುದ್ದಿಯೇ ಇಲ್ಲ. ವಿಜಯನಗರ ಬಡಾವಣೆಯವರು ನಮ್ಮ ಹಾಲಿಗೆ ಮುಂಚೆಯೇ ಹೇಳಿಡುತ್ತಾರೆ. ಗೆದ್ದುಬಿಟ್ಟೆವು!

ನಿನ್ನ ಒಲೆ ಮಾತ್ರ ಇನ್ನೂ ಬೇರೆಯೇ ಉರಿಯುತ್ತಿದೆ. ಮಾವ ಕುರಿಗಳನ್ನು ಒಪ್ಪಿದರು. ಕದ್ದು ಬಿಟ್ಟವಳನ್ನು ಒಪ್ಪಲಿಲ್ಲ. ಬಂದವರಿಗೆಲ್ಲ ಬಯಲು ತೋರಿಸಿ ಜಂಬ ಕೊಚ್ಚಿಕೊಂಡ ನಾನು ಆ ಒಂದು ಮಾತು ಹೇಳಲಾರದೆ ಹೋದೆ—ಭಯವಂತೆ, ಭಯ! ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ನಾಳೆ ಬೆಳಿಗ್ಗೆ ಮಾವ ಕಾಫಿಗೆ ಕೂತಾಗ ನಿನ್ನೆದುರಿಗೇ ಹೇಳುತ್ತೇನೆ. ಬೇರೆಯಾಗಬೇಕಿದ್ದದ್ದು ನನ್ನ ಒಲೆ ಅಂತ. ನೀನು ಏನೂ ಅನ್ನಬೇಡ ಅಕ್ಕ, ಕ್ಷಮಿಸಿದೆ ಅಂತಲೂ.